ಬಾಡಿಗೆ ಮನೆಯವರಿಗೂ ಮಡಿಕೇರಿಯಲ್ಲಿ ದನಿ ಇದೆಯೇ?

ಓದುಗರ ಪ್ರಶ್ನೆ: ಕೆಲಸದ ನಿಮಿತ್ತ ಮಡಿಕೇರಿಗೆ ಬಂದು ಎರಡು ವರ್ಷವಾಯಿತು. ಬಾಡಿಗೆ ಮನೆ. ಚರಂಡಿ, ಕುಡಿಯುವ ನೀರು, ಕಸ, ಎಲ್ಲದರ ಬಗ್ಗೆಯೂ ಹೇಳುವುದಿದೆ. ಯಾರಿಗೆ ಹೇಳಬೇಕೋ ತಿಳಿಯುತ್ತಿಲ್ಲ. ಬೆಂಗಳೂರಿನಲ್ಲಿದ್ದಾಗ ವಾರ್ಡ್ ಸಮಿತಿ ಅಂತ ಒಂದಿತ್ತು. ಇಲ್ಲಿ ಅಂಥದ್ದಿದೆಯೇ? ನಮ್ಮಂಥ ಹೊರಗಿನವರು ಊರಿನ ಕೆಲಸಕ್ಕೆ ಕೈಹಾಕಿದರೆ ಜನ ತಪ್ಪು ತಿಳಿಯುತ್ತಾರೆಯೇ?

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ತಪ್ಪು ತಿಳಿಯುವುದಿಲ್ಲ. ಆದರೆ ಬಂದ ಮೊದಲ ದಿನವೇ ದೂರಿನ ಪಟ್ಟಿ ಹಿಡಿದು ನಿಂತವರನ್ನೂ, ಬೀದಿಯ ಕೆಲಸಕ್ಕೆ ಒಂದು ಸಂಜೆ ಕೈಜೋಡಿಸಿ ಆಮೇಲೆ ಮಾತಾಡಿದವರನ್ನೂ ಇಲ್ಲಿ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ.

ಇನ್ನು ವಾರ್ಡ್ ಸಮಿತಿ. ಸಂವಿಧಾನದ 74ನೇ ತಿದ್ದುಪಡಿ ವಾರ್ಡ್ ಸಮಿತಿಯನ್ನು ಕಡ್ಡಾಯ ಮಾಡಿದ್ದು 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನರಿರುವ ನಗರಗಳಿಗೆ. 2011ರ ಜನಗಣತಿಯಲ್ಲಿ ಮಡಿಕೇರಿಯ ಲೆಕ್ಕ 33 ಸಾವಿರ ಚಿಲ್ಲರೆ. ಹಾಗಾಗಿ ನೀವು ಬೆಂಗಳೂರಿನಲ್ಲಿ ಕಂಡ ಆ ಕಡ್ಡಾಯ ಇಲ್ಲಿಗೆ ಅನ್ವಯಿಸುವುದಿಲ್ಲ. ನನಗೇನೂ ಇದರಿಂದ ದೊಡ್ಡ ನಷ್ಟ ಕಾಣುವುದಿಲ್ಲ. ನಗರಸಭೆಯಲ್ಲಿ 23 ವಾರ್ಡುಗಳು. ಭಾಗಿಸಿದರೆ ವಾರ್ಡಿಗೆ ಹೆಚ್ಚುಕಡಿಮೆ 1,450 ಜನ. ನಿಮ್ಮ ಬೆಂಗಳೂರಿನ ದೊಡ್ಡದೊಂದು ಅಪಾರ್ಟ್‌ಮೆಂಟ್ ಸಮುಚ್ಚಯದಷ್ಟು. ಸದಸ್ಯರನ್ನು ಮಾರ್ಕೆಟ್ಟಿನಲ್ಲೋ ಮದುವೆ ಮನೆಯಲ್ಲೋ ಹಿಡಿಯಬಹುದು. ಅವರ ಅವಧಿ ಮುಗಿದು ಚುನಾವಣೆ ತಡವಾದರೆ ಮಾತ್ರ ಅಧಿಕಾರ ಆಡಳಿತಾಧಿಕಾರಿಯ ಕೈಗೆ ಹೋಗುತ್ತದೆ. ಆಗ ಅರ್ಜಿಯನ್ನು ನೇರವಾಗಿ ಪೌರಾಯುಕ್ತರಿಗೇ ಬರೆಯಿರಿ.

ಅದಕ್ಕೂ ಮೊದಲು ನಿಮ್ಮ ಮನೆ ನಗರಸಭೆಗೇ ಸೇರಿದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ವಿಳಾಸದಲ್ಲಿ ‘ಮಡಿಕೇರಿ’ ಎಂದಿದ್ದ ಮಾತ್ರಕ್ಕೆ ಆಗಲಿಲ್ಲ. ಊರಿನ ಅಂಚಿನ ಎಷ್ಟೋ ಮನೆಗಳು ಕೆ.ನಿಡುಗಣೆಯಂಥ ಗ್ರಾಮ ಪಂಚಾಯಿತಿಗೆ ಸೇರಿವೆ. ಹಾಗಿದ್ದರೆ ನೀವು ಒಂದು ಲೆಕ್ಕದಲ್ಲಿ ಪುಣ್ಯವಂತರು. ನಗರವಾಸಿಗಿಲ್ಲದ ಗ್ರಾಮಸಭೆ ನಿಮಗಿದೆ, ಅದಕ್ಕೂ ಮೊದಲು ವಾರ್ಡ್ ಸಭೆಯೂ ಇದೆ. ಆರು ತಿಂಗಳಿಗೊಮ್ಮೆಯಾದರೂ ಅವು ನಡೆಯಲೇಬೇಕು, ಮತದಾರರ ಪಟ್ಟಿಯಲ್ಲಿರುವ ಯಾರು ಬೇಕಾದರೂ ಎದ್ದುನಿಂತು ಕೇಳಬಹುದು. ವಿರಾಜಪೇಟೆ, ಕುಶಾಲನಗರ, ಸೋಮವಾರಪೇಟೆ ಪಟ್ಟಣದೊಳಗಿನವರಿಗೆ ಗ್ರಾಮಸಭೆ ಇಲ್ಲ. ಅವರದು ನಿಮ್ಮ ಮಡಿಕೇರಿಯದೇ ಪಾಡು.

ಮತದಾರರ ಪಟ್ಟಿ ಎಂದೆನಲ್ಲ, ಅಸಲು ಗಂಟು ಅಲ್ಲೇ ಇದೆ. ಬಾಡಿಗೆಯವರಿಗೆ ಓಟಿಲ್ಲ ಎಂಬುದು ಬರೀ ಸುಳ್ಳು. ವಾಸದ ಜಾಗ ಮುಖ್ಯ, ಮನೆಯ ಒಡೆತನವಲ್ಲ. ನಮೂನೆ 8 ತುಂಬಿ ವಿಳಾಸ ಬದಲಿಸಿಕೊಂಡರೆ ಹಳೆಯ ಊರಿನ ಹೆಸರು ಇಲ್ಲಿಗೆ ಬರುತ್ತದೆ. ಸಂಶಯವಿದ್ದರೆ 1950ಕ್ಕೆ ಕರೆ ಮಾಡಿ. ಸ್ಥಳೀಯ ಚುನಾವಣೆಗಳ ಪಟ್ಟಿಗೂ ವಿಧಾನಸಭೆಯ ಪಟ್ಟಿಯೇ ಬುಡ. ಈ ವಿಷಯದಲ್ಲಿ ಹೊರಗಿನವರಿಗಿಂತ ನಮ್ಮವರದೇ ತಪ್ಪು ಹೆಚ್ಚು. ಇಪ್ಪತ್ತು ವರ್ಷದಿಂದ ಮಡಿಕೇರಿಯಲ್ಲೇ ಇದ್ದು, ಓಟು ಮಾತ್ರ ಐನ್‌ಮನೆ, ಅಂದರೆ ಮನೆತನದ ಮೂಲ ಮನೆ, ಇರುವ ಊರಲ್ಲೇ ಇಟ್ಟುಕೊಂಡವರು ನನಗೆ ಬೇಕಾದಷ್ಟು ಮಂದಿ ಗೊತ್ತು. ಅಭಿಮಾನ ದೊಡ್ಡದೇ. ಆದರೆ ಮನೆ ಮುಂದಿನ ಚರಂಡಿಗೆ ಆ ಓಟಿನಿಂದ ಮೂರು ಕಾಸಿನ ಉಪಯೋಗವಿಲ್ಲ.

ಈಗ ದಸರಾ ಮಾತಿಗೆ ಬರುತ್ತೇನೆ. ಚರಂಡಿ ಕೇಳಿದರೆ ಇವರು ದಸರಾ ಹೇಳುತ್ತಾರಲ್ಲ ಎನ್ನಬೇಡಿ. ಪಂಪಿನ ಕೆರೆಯಿಂದ ನಾಲ್ಕು ಕರಗ ಹೊರಡುವ ದಿನದಿಂದ ವಿಜಯದಶಮಿಯ ರಾತ್ರಿ ದೇವಸ್ಥಾನಗಳ ಹತ್ತು ಮಂಟಪಗಳು (ಬೊಮ್ಮೆಗಳ ಸ್ತಬ್ಧಚಿತ್ರಗಳು) ಬೀದಿಗಿಳಿದು ಬೆಳಗಾಗುವವರೆಗೆ, ಈ ಹಬ್ಬದ ಭಾರ ಹೊರುವುದು ದೇವಸ್ಥಾನ ಸಮಿತಿಗಳು ಮತ್ತು ಕೇರಿಯ ಹುಡುಗರು. ಸರ್ಕಾರದ ಅನುದಾನ ಬಂದರೂ ಮನೆ ಮನೆ ತಿರುಗಿ ಚಂದಾ ಎತ್ತುವುದು, ಟ್ರ್ಯಾಕ್ಟರ್ ಹೊಂದಿಸುವುದು, ಜಡಿಮಳೆಯಲ್ಲಿ ಟಾರ್ಪಾಲಿನಡಿ ನಿಂತು ಬೊಮ್ಮೆಗಳಿಗೆ ಕೈಕಾಲು ಆಡಿಸುವ ಯಂತ್ರ ಕೂಡಿಸುವುದು, ಎಲ್ಲವೂ ಅವರದೇ. ಹಿಂದೆ ಊರಿಗೆ ರೋಗ ಬಡಿದಾಗ ಮಾರಿಯಮ್ಮನಿಗೆ ಕರಗ ಹೊರಡಿಸಿದ್ದರಿಂದ ಇದು ಶುರುವಾಯಿತು ಎಂದು ಹಿರಿಯರು ಹೇಳುತ್ತಾರೆ. ಅಂದರೆ ಬುಡದಲ್ಲೇ ಇದು ಊರಿನ ಆರೋಗ್ಯದ ಕೆಲಸ! ಕೊಡವ ಮನೆತನಗಳ ನಡುವಿನ ಕೌಟುಂಬಿಕ ಹಾಕಿ ಪಂದ್ಯಾವಳಿಯೂ ಇದೇ ಬಗೆಯದು. 1997ರಲ್ಲಿ ಕರಡದಲ್ಲಿ 60 ಕುಟುಂಬಗಳಿಂದ ಶುರುವಾಗಿ 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳಿಗೆ ಬೆಳೆಯಿತು, ಪ್ರತಿವರ್ಷ ಒಂದು ಒಕ್ಕ, ಅಂದರೆ ಒಂದು ಮನೆತನ, ಅದರ ಹೊಣೆ ಹೊರುತ್ತದೆ. ಇಷ್ಟು ಅಚ್ಚುಕಟ್ಟಾಗಿ ಸಂಘಟಿಸಬಲ್ಲ ಜನ ನಗರಸಭೆಯ ಸಭೆಗೆ ಮಾತ್ರ ಯಾಕೆ ಹೋಗುವುದಿಲ್ಲ ಎನ್ನುವುದು ನನಗೆ ಇವತ್ತಿಗೂ ಬಿಡಿಸಲಾಗದ ಒಗಟು. ನಿಮ್ಮ ಕೇರಿಯ ಮಂಟಪ ಯಾವುದೆಂದು ತಿಳಿದುಕೊಂಡು ಎರಡು ಸಂಜೆ ಹೋಗಿ ಬನ್ನಿ. ಯಾವ ಕೆಲಸಕ್ಕೆ ಯಾರನ್ನು ಹಿಡಿಯಬೇಕು ಎಂಬ ಸಂಪೂರ್ಣ ನಕ್ಷೆ ಅಲ್ಲಿ ಚಹಾದ ಜೊತೆಗೇ ಸಿಗುತ್ತದೆ.

ಹೋಗಬೇಕಾದ ಆ ಸಭೆ ಯಾವುದು? ಬಜೆಟ್ ಪೂರ್ವಭಾವಿ ಸಭೆ. ಹಣಕಾಸು ವರ್ಷ ಏಪ್ರಿಲ್‌ನಿಂದ ಶುರುವಾಗುವುದರಿಂದ, ಸಾರ್ವಜನಿಕರ ಸಲಹೆ ಕೇಳುವ ಈ ಸಭೆ ಚಳಿಗಾಲದಲ್ಲಿ ನಡೆಯುತ್ತದೆ. ಪತ್ರಿಕೆಯ ಮೂಲೆಯಲ್ಲೊಂದು ಪ್ರಕಟಣೆ ಬರುತ್ತದೆ. ಇಲ್ಲಿಯವರು ‘ಶಕ್ತಿ’ ದಿನಪತ್ರಿಕೆಯಲ್ಲಿ ಮರಣ ವಾರ್ತೆ ಓದುವಷ್ಟು ಶ್ರದ್ಧೆಯಿಂದ ಅದನ್ನೂ ಓದಿದ್ದರೆ ಸಭಾಂಗಣ ತುಂಬುತ್ತಿತ್ತು. ಜೂನ್‌ನಲ್ಲಿ ಮೋರಿ ಉಕ್ಕಿದಾಗ ಬೈಯುವವರು ನೂರು ಜನ. ಆ ಮೋರಿಗೆ ದುಡ್ಡು ಇಡಿ ಎಂದು ಜನವರಿಯಲ್ಲಿ ಹೇಳುವವರು ನಾಲ್ವರೂ ಇಲ್ಲ. ಹೋದಾಗ ‘ನಗರ ಸ್ವಚ್ಛವಾಗಿರಲಿ’ ಎಂಬಂಥ ಮಾತು ಬೇಡ. ಯಾವ ಬೀದಿ, ಯಾವ ತಿರುವು, ಎಷ್ಟು ಅಡಿ ಚರಂಡಿ ಎಂದು ಬರೆದು ಕೊಡಿ. ನೀರಿನ ಮಾತಾದರೆ ಕೂಟುಹೊಳೆ, ಕುಂಡಾಮೇಸ್ತ್ರಿಯ ಹೆಸರು ಹಿಡಿದೇ ಕೇಳಿ. ಬೇಸಿಗೆಯಲ್ಲಿ ನಿಮ್ಮ ನಲ್ಲಿಗೆ ನೀರು ಯಾಕೆ ಇಲ್ಲ ಎಂಬುದರ ಉತ್ತರ ಹೆಚ್ಚಾಗಿ ಆ ಎರಡು ಮೂಲಗಳಲ್ಲೇ ಇರುವುದು. ಕಸದ ಮಾತಾದರೆ ಊರಿನ ಕಸ ಸುರಿಯುವ ಸ್ಟೋನ್‌ಹಿಲ್. ಆದರೆ ಅಲ್ಲಿಯ ರಾಶಿಯ ಬಗ್ಗೆ ದೂರುವ ಮೊದಲು ನಿಮ್ಮ ಮನೆಯಲ್ಲಿ ಹಸಿ ಕಸ, ಒಣ ಕಸ ಬೇರೆಯಾಗಿರಲಿ, ಇಲ್ಲದಿದ್ದರೆ ಪೌರಕಾರ್ಮಿಕರೇ ನಗುತ್ತಾರೆ.

ಅರ್ಜಿ ಯಾವುದೇ ಇರಲಿ, ಎರಡು ಪ್ರತಿ ಒಯ್ದು ಒಂದರ ಮೇಲೆ ಮೊಹರು, ತಾರೀಕು, ಸ್ವೀಕೃತಿ ಸಂಖ್ಯೆ ಹಾಕಿಸಿಕೊಳ್ಳಿ. ನಾನೊಮ್ಮೆ ಬೀದಿದೀಪಕ್ಕಾಗಿ ಒಂದು ಕಚೇರಿಗೆ ಬರೆದ ಪತ್ರವನ್ನು ಮೇಜಿನ ಮೇಲಿಟ್ಟು ಬಂದೆ. ಮೂರು ತಿಂಗಳ ಬಳಿಕ ಕೇಳಿದರೆ ಅಂಥ ಪತ್ರವೇ ಬಂದಿಲ್ಲ ಎಂದರು. ಮೊಹರಿದ್ದರೆ ಮಾತು ಬೇರೆಯಾಗುತ್ತಿತ್ತು. ವಾಟ್ಸಾಪ್ ಗುಂಪಿನಲ್ಲಿ ಹಾಕಿದ ನಲವತ್ತು ಫೋಟೋಗಳಿಗೆ ಸ್ವೀಕೃತಿ ಸಂಖ್ಯೆ ಇರುವುದಿಲ್ಲ. ಉತ್ತರ ಬಾರದಿದ್ದರೆ ಸರ್ಕಾರದ ಸಹಾಯವಾಣಿ 1902ರಲ್ಲಿ ದೂರು ದಾಖಲಿಸಿ. ಅದೂ ಆಗದಿದ್ದರೆ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. 30 ದಿನದೊಳಗೆ ಉತ್ತರ ಬರಬೇಕು. ‘ಯಾಕೆ ಮಾಡಿಲ್ಲ’ ಎಂದು ಕೇಳಿದರೆ ಏನೂ ಬರುವುದಿಲ್ಲ. ‘ಇಂಥ ತಾರೀಕಿನ ನನ್ನ ಅರ್ಜಿಯ ಮೇಲೆ ಕೈಗೊಂಡ ಕ್ರಮದ ಕಡತದ ಪ್ರತಿ ಕೊಡಿ’ ಎಂದು ಕೇಳಿ. ಕಾಮಗಾರಿಯನ್ನು ಖುದ್ದು ಪರಿಶೀಲಿಸುವುದೂ ಈ ಹಕ್ಕಿನೊಳಗೇ ಬರುತ್ತದೆ.

ಸೇವೆ ಮಾಡಬೇಕೆನ್ನುವ ಮನಸ್ಸಿದ್ದರೆ ದಾರಿ ಬೇಕಾದಷ್ಟಿದೆ: ಗೃಹರಕ್ಷಕ ದಳ, ಕಾವೇರಿ ದಡದ ಸ್ವಚ್ಛತಾ ಕೆಲಸ, ಜಿಲ್ಲಾಸ್ಪತ್ರೆಯಲ್ಲಿ ರಕ್ತದಾನ. ಮಳೆಗಾಲಕ್ಕೆ ಮಾತ್ರ ಬೇರೆ ತಯಾರಿ ಬೇಕು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಜಾರಿದಾಗ, ಮಡಿಕೇರಿಯ ಇಂದಿರಾನಗರ, ಚಾಮುಂಡೇಶ್ವರಿನಗರದ ಮನೆಗಳೂ ಕುಸಿದಾಗ, ನಾಡಿನ ಮೂಲೆಮೂಲೆಯಿಂದ ಲಾರಿಗಟ್ಟಲೆ ಸಾಮಾನು ಬಂತು. ಹಳೆಬಟ್ಟೆಯ ರಾಶಿ ಬಿತ್ತು. ಕೊರತೆಯಾದದ್ದು ಅದನ್ನು ವಿಂಗಡಿಸುವ, ಬೇಕಾದವರಿಗೆ ಬೇಕಾದದ್ದನ್ನು ತಲುಪಿಸುವ ಕೈಗಳು. ಆದ್ದರಿಂದ ಮೇ ತಿಂಗಳಲ್ಲೇ ನಿಮ್ಮ ಬೀದಿಯ ಒಂದು ಪಟ್ಟಿ ಮಾಡಿ: ಒಬ್ಬರೇ ಇರುವ ವೃದ್ಧರು ಯಾರು, ಬರೆ (ಗುಡ್ಡದ ಇಳಿಜಾರು) ಕೊರೆದು ಕಟ್ಟಿದ ಮನೆಗಳು ಯಾವುವು, ಜೀಪು ಯಾರ ಬಳಿ ಇದೆ. ಜಿಲ್ಲಾಡಳಿತದ ತುರ್ತು ಸಂಖ್ಯೆ 1077 ಆ ಹಾಳೆಯ ಮೇಲ್ಭಾಗದಲ್ಲಿರಲಿ. ಹಾಳೆಗೆ ಪ್ಲಾಸ್ಟಿಕ್ ಹೊದಿಸಿಡಿ, ನಮ್ಮ ಜುಲೈಗೆ ಕಾಗದ ನಿಲ್ಲುವುದಿಲ್ಲ.