ಓದು ಬರುತ್ತದೆ, ಅರ್ಥ ಬರುವುದಿಲ್ಲ: ತೆಲುಗು ಮನೆಮಾತಿನ ಮಕ್ಕಳಿಗೆ ಕನ್ನಡ ಕಲಿಸುವುದು ಹೇಗೆ?

ಪ್ರಶ್ನೆ: ನಮ್ಮದು ಗಡಿ ತಾಲ್ಲೂಕಿನ ಸರ್ಕಾರಿ ಕನ್ನಡ ಶಾಲೆ. ಎರಡನೇ ತರಗತಿಯ ಮುಕ್ಕಾಲು ಪಾಲು ಮಕ್ಕಳು ಮನೆಯಲ್ಲಿ ಆಡುವುದು ತೆಲುಗು. ಅಕ್ಷರ ಕೂಡಿಸಿ ಓದುತ್ತಾರೆ, ಏನು ಓದಿದೆ ಎಂದು ಕೇಳಿದರೆ ಸುಮ್ಮನೆ ನಿಲ್ಲುತ್ತಾರೆ. ಮನೆಯಲ್ಲೂ ಕನ್ನಡವನ್ನೇ ಮಾತಾಡಿ ಎಂದು ಪೋಷಕರಿಗೆ ಹೇಳಬೇಕೇ?

ಉತ್ತರ: ಬೇಡ. ಪಾವಗಡ, ಬಾಗೇಪಲ್ಲಿ, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಈ ಸಲಹೆ ಕೊಡುವವರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಅಮ್ಮ ತನಗೆ ಅರ್ಧಂಬರ್ಧ ಬರುವ ಕನ್ನಡದಲ್ಲಿ ಮಗುವಿನೊಡನೆ ಮಾತಿಗಿಳಿದರೆ ಆ ಮಾತು ‘ಬಾ, ತಿನ್ನು, ಮಲಗು’ ಎಂಬಲ್ಲಿಗೆ ಮುಗಿದುಹೋಗುತ್ತದೆ. ಅಜ್ಜಿಯ ಕಥೆ, ಒಗಟು, ಸಂತೆಯ ಲೆಕ್ಕ, ‘ಯಾಕೆ, ಹೇಗೆ’ ಎಂಬ ವಾದ ಎಲ್ಲ ನಿಂತುಹೋಗುತ್ತವೆ. ಕಥೆಯ ಎಳೆ ಹಿಡಿಯುವುದನ್ನು, ಕಾರಣ ಹೇಳುವುದನ್ನು ಮಗು ಕಲಿಯುವುದು ಅಂಥ ಮಾತಿನಲ್ಲೇ. ತೆಲುಗಿನಲ್ಲಿ ಕಲಿತ ಆ ಜಾಣ್ಮೆ ಕನ್ನಡ ಪಾಠಕ್ಕೂ ಒದಗುತ್ತದೆ.

ತೊಡಕು ಬೇರೆ ಕಡೆ ಇದೆ. ಸರ್ಕಾರಿ ಶಾಲೆಯ ಕೆಳ ತರಗತಿಗಳ ಚಟುವಟಿಕೆ ಆಧಾರಿತ ಕಲಿಕಾ ಪದ್ಧತಿಯಾದ ನಲಿಕಲಿಯಲ್ಲಿ ಮೊದಲು ಬರುವ ಅಕ್ಷರಗಳು ರ, ಗ, ಸ, ದ, ಅ. ಇಷ್ಟರಲ್ಲೇ ಅರಸ, ಅಗಸ, ಗರಗಸ ಎಂದು ಓದಬಹುದು. ಕನ್ನಡ ಮನೆಯ ಮಗು ‘ಅಗಸ’ ಎಂದು ಕೂಡಿಸಿದರೆ, ಕೇಳಿದ ಮಾತೊಂದು ನೆನಪಿಗೆ ಬರುವ ಸಾಧ್ಯತೆ ಇದೆ. ತೆಲುಗು ಮನೆಯ ಮಗುವಿಗೆ ಅಗಸ ಎಂದರೆ ಚಾಕಲಿ, ಗರಗಸ ಎಂದರೆ ರಂಪಂ. ಅದು ಓದಿದ್ದು ಬರೀ ಸದ್ದು. ಹಾಗಾಗಿ ಅಕ್ಷರಕ್ಕೆ ಮುಂಚೆ ಆ ಪದ ಕಿವಿಗೆ ಬಿದ್ದಿರಬೇಕು, ಬಾಯಲ್ಲಿ ನಾಲ್ಕು ಸಲ ಹೊರಳಿರಬೇಕು.

40 ನಿಮಿಷದ ಅವಧಿಯನ್ನು ಹೀಗೆ ಹಂಚಬಹುದು. ಮೊದಲ 5–7 ನಿಮಿಷ ಪಾಠದ ಚಿತ್ರ ತೋರಿಸಿ, ಮಕ್ಕಳು ಯಾವ ಭಾಷೆಯಲ್ಲಾದರೂ ಮಾತಾಡಲಿ. ಆಮೇಲೆ 10 ನಿಮಿಷ, ಅವರು ಹೇಳಿದ್ದನ್ನೇ ನೀವು ಸಣ್ಣ ಸಣ್ಣ ಕನ್ನಡ ವಾಕ್ಯಗಳಲ್ಲಿ ಹೇಳಿ, ಹೇಳಿಸಿ. ಹೊಸ ಪದ ಐದಾರು ಸಾಕು. ನಂತರ 15 ನಿಮಿಷ ಓದು. ಉಳಿದ ಹೊತ್ತಿನಲ್ಲಿ ಓದಿದ್ದನ್ನು ಮಗು ಮೊದಲು ತೆಲುಗಿನಲ್ಲಿ ಹೇಳಲಿ, ಬಳಿಕ ಒಂದೆರಡು ವಾಕ್ಯ ಕನ್ನಡದಲ್ಲಿ.

ತೆಲುಗು ಬಲ್ಲ ಶಿಕ್ಷಕರು ಎಡವುವುದು ಇಲ್ಲೇ: ಪ್ರತಿ ಕನ್ನಡ ವಾಕ್ಯದ ಬೆನ್ನಿಗೇ ಅದರ ತೆಲುಗು. ವಾರ ಕಳೆಯುವುದರೊಳಗೆ ಮಕ್ಕಳು ಕನ್ನಡಕ್ಕೆ ಕಿವಿಗೊಡುವುದನ್ನೇ ಬಿಡುತ್ತಾರೆ. ಹೇಗೂ ತೆಲುಗು ಬರುತ್ತದಲ್ಲ! ತೆಲುಗು ಪಾಠದ ಮೊದಲಲ್ಲಿ ಮತ್ತು ಕೊನೆಯಲ್ಲಿ ಇರಲಿ, ನಡುವೆ ಕನ್ನಡವೇ ನಡೆಯಲಿ.

ಎರಡೂ ದ್ರಾವಿಡ ಭಾಷೆಗಳು, ಆ ಲಾಭ ಬಿಡಬಾರದು. ಹಳಗನ್ನಡದ ಪಕಾರ ನಮ್ಮಲ್ಲಿ ಹಕಾರವಾಯಿತು, ತೆಲುಗಿನಲ್ಲಿ ಹಾಗೇ ಉಳಿಯಿತು. ಪಾಲು–ಹಾಲು, ಪುಲಿ–ಹುಲಿ, ಪಂದಿ–ಹಂದಿ, ಪಾಮು–ಹಾವು, ಪಂಡು–ಹಣ್ಣು. ಗೋಡೆಗೆ ಒಂದು ಹಾಳೆ ಅಂಟಿಸಿ ಎರಡು ಸಾಲು ಎಳೆಯಿರಿ, ಜೋಡಿಗಳನ್ನು ಮಕ್ಕಳೇ ಹುಡುಕಿ ತರಲಿ. ಪಕ್ಕದಲ್ಲೇ ಮೋಸ ಮಾಡುವ ಪದಗಳಿಗೂ ಒಂದು ಹಾಳೆ ಬೇಕು. ತೆಲುಗಿನ ಇಲ್ಲು ಎಂದರೆ ಮನೆ, ಪಾಟ ಎಂದರೆ ಹಾಡು, ಎದ್ದು ಎಂದರೆ ಎತ್ತು. ‘ಹುಡುಗ ಎದ್ದು ಬಂದ’ ಎಂದು ಓದಿದ ಮಗುವಿನ ಕಣ್ಣ ಮುಂದೆ ಎತ್ತು ಬಂದು ನಿಂತರೆ ತಪ್ಪು ಮಗುವಿನದಲ್ಲ. (ಮಾಟ ಎಂದರೆ ತೆಲುಗಿನಲ್ಲಿ ಬರೀ ಮಾತು. ನಮ್ಮಲ್ಲಿ ಅದಕ್ಕೆ ನಿಂಬೆಹಣ್ಣು ಬೇಕು.)

‘ಅಮ್ಮ ಬಂತು’, ‘ಅಕ್ಕ ಹೋಯಿತು’ ಎಂಬ ಮಾತು ಕೇಳಿ ನಗುವವರಿದ್ದಾರೆ. ತೆಲುಗಿನ ಏಕವಚನದಲ್ಲಿ ಹೆಂಗಸಿಗೂ ಹಸುವಿಗೂ ಕ್ರಿಯಾಪದದ ರೂಪ ಒಂದೇ: ಅಮ್ಮ ವಚ್ಚಿಂದಿ, ಆವು ವಚ್ಚಿಂದಿ. ಮಗು ತನ್ನ ವ್ಯಾಕರಣವನ್ನು ಚಾಚೂ ತಪ್ಪದೆ ಪಾಲಿಸುತ್ತಿದೆ. ‘ತಪ್ಪು’ ಎಂದು ನಿಲ್ಲಿಸದೆ, ‘ಹೌದಾ, ಅಮ್ಮ ಬಂದಳಾ? ಏನು ತಂದಳು?’ ಎಂದು ಸರಿ ರೂಪವನ್ನು ನಿಮ್ಮ ಮಾತಿನಲ್ಲೇ ಸೇರಿಸಿ ಸಂಭಾಷಣೆ ಮುಂದುವರಿಸಿ. ನಡುವೆಯೇ ತಿದ್ದಿಸಿಕೊಂಡ ಮಗು ಮುಂದಿನ ಸಲ ಬಾಯಿ ಬಿಡಲು ಹಿಂಜರಿಯುತ್ತದೆ, ಆಗ ನಷ್ಟ ದೊಡ್ಡದು.

ನಮಗೆ ತುಂಬ ಕೆಲಸಕ್ಕೆ ಬರುತ್ತದೆ ಅನ್ನಿಸುವ ಉಪಾಯ ಇನ್ನೊಂದು. ಮಕ್ಕಳು ತೆಲುಗಿನಲ್ಲಿ ಹೇಳಿದ್ದನ್ನೇ ಕನ್ನಡ ಅಕ್ಷರದಲ್ಲಿ ಬೋರ್ಡಿನ ಮೇಲೆ ಬರೆಯಿರಿ: ‘ಮಾ ಇಂಟ್ಲೋ ಆವು ಉಂದಿ. ಆವು ಪಾಲು ಇಸ್ತುಂದಿ.’ ಓದಿದ ಕೂಡಲೇ ಅರ್ಥವಾಗುವ ಸುಖವನ್ನು ಮಗು ಮೊದಲು ಇಲ್ಲಿ ಕಾಣುತ್ತದೆ. ಅದರ ಕೆಳಗೆ ‘ನಮ್ಮ ಮನೆಯಲ್ಲಿ ಹಸು ಇದೆ. ಹಸು ಹಾಲು ಕೊಡುತ್ತದೆ’ ಎಂದು ಬರೆದು ಎರಡನ್ನೂ ಓದಿಸಿ. ವಾರಕ್ಕೆ ಎರಡು ದಿನ, ನಾಲ್ಕೈದು ವಾಕ್ಯ ಸಾಕು. ಪುಸ್ತಕದ ತೆಲುಗು ಬೇಡ, ಊರಿನ ಮಾತು ಹೇಗಿದೆಯೋ ಹಾಗೇ ಬರೆಯಿರಿ.

ಮೌಲ್ಯಮಾಪನ ಮಾಡುವಾಗ ಮೂರನ್ನು ಬೇರೆ ಬೇರೆ ನೋಡಿ: ಅಕ್ಷರ ಕೂಡಿಸುತ್ತದೆಯೇ, ಅರ್ಥವಾಗಿದೆಯೇ, ಅದನ್ನು ಕನ್ನಡದಲ್ಲಿ ಹೇಳುತ್ತದೆಯೇ. ಕನ್ನಡ ಪಾಠ ಓದಿ ತೆಲುಗಿನಲ್ಲಿ ಸರಿಯಾಗಿ ಉತ್ತರಿಸಿದ ಮಗುವಿಗೆ ಅರ್ಥ ದಕ್ಕಿದೆ, ಮಾತು ಬೆಳೆಯಬೇಕಿದೆ ಅಷ್ಟೆ. ಅದಕ್ಕೆ ಮತ್ತೆ ಕಾಗುಣಿತ ತಿದ್ದಿಸುವುದು ದಂಡ. ಮೂರನೇ ತರಗತಿಗೆ ಬಂದಾಗ ಆಟದ ಮೈದಾನದಲ್ಲಿ ಪಟಪಟ ಕನ್ನಡ ಮಾತಾಡುತ್ತದೆ ಎಂದು ಮೈಮರೆಯಬೇಡಿ. ಕೆನಡಾದ ಭಾಷಾ ಶಿಕ್ಷಣ ತಜ್ಞ ಜಿಮ್ ಕಮಿನ್ಸ್, ಶಾಲೆಯಲ್ಲಿ ಇಂಗ್ಲಿಷ್ ಕಲಿಯುವ ವಲಸಿಗ ಮಕ್ಕಳ ಬಗ್ಗೆ ಹೇಳಿದ್ದು: ಒಡನಾಟದ ಮಾತಿಗೆ ಸುಮಾರು 2 ವರ್ಷ, ಪಾಠದ ಭಾಷೆಗೆ 5ರಿಂದ 7 ವರ್ಷ. ಕನ್ನಡ–ತೆಲುಗು ಹತ್ತಿರದ ನಂಟು, ಆ ಲೆಕ್ಕ ಇಲ್ಲಿಗೆ ಹಾಗೇ ಕೂರಲಾರದು. ಆದರೂ ‘ಆವಿಯಾಗುವಿಕೆ’, ‘ಶೇಷ’, ‘ಹೋಲಿಸಿ ಬರೆಯಿರಿ’ ಎಂಬಲ್ಲಿ ಮಗು ತಡವರಿಸಿದರೆ ಕಾರಣ ಇದೇ ಇರಬಹುದು.

ನಿಮಗೆ ತೆಲುಗು ಬಾರದಿದ್ದರೆ ಐದನೇ ತರಗತಿಯ ಮಕ್ಕಳು, ಬಿಸಿಯೂಟದ ಅಡುಗೆಯವರು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು ಇದ್ದಾರೆ. ಹತ್ತು ನಿಮಿಷ ಕಥೆ ಹೇಳಲು ಕರೆದರೆ ಬರುತ್ತಾರೆ. ದಾಖಲಾತಿ ಪುಸ್ತಕದ ಮಾತೃಭಾಷೆ ಕಲಂ ಒಂದನ್ನೇ ನಂಬಬೇಡಿ, ಅಜ್ಜಿಯ ಜೊತೆ ಯಾವ ಮಾತು, ಅಪ್ಪನ ಜೊತೆ ಯಾವ ಮಾತು ಎಂದು ಮಗುವನ್ನೇ ಕೇಳಿ ಬರೆದುಕೊಳ್ಳಿ. ‘ತೆಲುಗು ಮಕ್ಕಳು’ ಎಂದು ನೀವು ಎಣಿಸಿದವರಲ್ಲಿ ತಾಂಡಾದಿಂದ ಬರುವ ಲಂಬಾಣಿ ಮಗುವೂ ಇದ್ದರೆ, ಅದಕ್ಕೆ ಈ ತೆಲುಗೂ ಎರಡನೇ ಭಾಷೆಯೇ.