ಬೆತ್ತ ಬಿಟ್ಟ ಕೈಗೆ ಏನು ಕೊಟ್ಟೆವು?

ವಿಜಯಪುರ ಜಿಲ್ಲೆಯ ಒಂದು ತಾಂಡಾ ಶಾಲೆ. ನಾಲ್ಕನೇ ಇಯತ್ತೆಯ ಹುಡುಗನೊಬ್ಬ ಕನ್ನಡ ತಾಸು ಶುರುವಾದರೆ ಸಾಕು, ಪಕ್ಕದವನ ಪಾಟಿ ಕಸಿದು ಜಗಳ ತೆಗೆಯುತ್ತಿದ್ದ. 'ಹೊರಗ ನಿಂದ್ರು' ಅಂದರೆ ಮರುಮಾತಿಲ್ಲದೆ ಹೋಗುತ್ತಿದ್ದ. ಅಕ್ಕೋರು ಒಂದು ವಾರ ಬೈಯುವುದನ್ನು ಬಿಟ್ಟು, ಹಳೇ ವಹಿಯ ಹಾಳೆಯಲ್ಲಿ ಮೂರು ಮನೆ ಗೆರೆ ಹೊಡೆದು ಬರೆಯುತ್ತಾ ಹೋದರು: ಗಲಾಟೆಗೆ ಮುಂಚೆ ಏನು ನಡೆದಿತ್ತು, ಅವನು ಏನು ಮಾಡಿದ, ಆಮೇಲೆ ಅವನಿಗೆ ಏನು ಸಿಕ್ಕಿತು. ಆ ಹಾಳೆ ನಾನು ನೋಡಿದ್ದೇನೆ. ಮೊದಲ ಮನೆಯಲ್ಲಿ ದಿನವೂ 'ಗಟ್ಟಿಯಾಗಿ ಓದುವ ಪಾಳಿ'. ಕೊನೆಯ ಮನೆಯಲ್ಲಿ ದಿನವೂ 'ಹೊರಗೆ ಕಳಿಸಿದೆ'. ಅಪ್ಪ ಅವ್ವನ ಜೊತೆ ಗೋವಾಕ್ಕೆ ದುಡಿಯಲು ಹೋಗಿ ತಿಂಗಳುಗಟ್ಟಲೆ ಶಾಲೆ ತಪ್ಪಿಸಿಕೊಂಡಿದ್ದ ಹುಡುಗ, ಮನೆಮಾತು ಲಂಬಾಣಿ. ಓದಲು ಬಾರದ್ದು ನಾಲ್ಕು ಜನರ ಎದುರು ಬಯಲಾಗುವುದಕ್ಕಿಂತ ಹೊರಗೆ ನಿಲ್ಲುವುದೇ ಅವನಿಗೆ ಮೇಲಾಗಿತ್ತು.

ಇಂಥ ಹುಡುಗನಿಗೆ ಹಿಂದಿನವರ ಬಳಿ ಒಂದೇ ಮದ್ದಿತ್ತು. ಈ ಸೀಮೆ ಮುಂಬಯಿ ಪ್ರಾಂತದಲ್ಲಿದ್ದ ಕಾಲದ ಗಾವಟಿ ಶಾಲೆಗಳಲ್ಲಿ ತೊಲೆಯ ಹಗ್ಗಕ್ಕೆ ಮಗುವನ್ನು ಜೋತುಬಿಡಿಸುವ ಕೋದಂಡವಿತ್ತು. ಹಗ್ಗ ಹೋಯಿತು, ಛಡಿ ಉಳಿಯಿತು. 'ಎರಡು ಹಾಕ್ರೀ ಸರ, ಅಂದ್ರ ದಾರಿಗೆ ಬರ್ತಾನ' ಎಂದು ತಂದೆಯೇ ಕೈಮುಗಿದು ಹೇಳುವುದನ್ನು ಇಂದಿಗೂ ಕೇಳಬಹುದು.

ದೈಹಿಕ ಶಿಕ್ಷೆ ಶಾಲೆಯಿಂದ ಹೋಗಲೇಬೇಕು ಎಂದು 1986ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿತು. 2000ರ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಅಲ್ಲಿನ ಶಾಲೆಗಳಲ್ಲಿ ಬೆತ್ತಕ್ಕೆ ಅವಕಾಶ ಕೊಟ್ಟಿದ್ದ ನಿಯಮವನ್ನು ತೆಗೆದುಹಾಕಿತು. 2010ರ ಏಪ್ರಿಲ್ 1ರಿಂದ ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಹೊಡೆತವನ್ನಷ್ಟೇ ಅಲ್ಲ, ಮಾನಸಿಕ ಹಿಂಸೆಯನ್ನೂ ನಿಷೇಧಿಸಿತು. ಆಗಲೇಬೇಕಾಗಿದ್ದ ಕೆಲಸ. ಆದರೆ ಬೆತ್ತ ಕೆಳಗಿಟ್ಟ ಮೇಲೆ ಏನು ಮಾಡಬೇಕು ಎಂಬುದು ಆ ಕಲಂನಲ್ಲಿಲ್ಲ. ಐವತ್ತು ಮಕ್ಕಳ ಮುಂದೆ ಒಬ್ಬರೇ ನಿಂತ ಶಿಕ್ಷಕಿಗೆ ಬೇಕಾದದ್ದು ಅದೇ.

ಉತ್ತರದ ಒಂದು ತುಂಡು ನಮ್ಮಲ್ಲೇ ಇತ್ತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊಳೆತು 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆ ಹಬ್ಬಿದ, ಮಕ್ಕಳು ಚಟುವಟಿಕೆ ಮಾಡುತ್ತಾ ತಮ್ಮ ತಮ್ಮ ವೇಗದಲ್ಲಿ ಕಲಿಯುವ ನಲಿ-ಕಲಿ ಪದ್ಧತಿಯಲ್ಲಿ ಕಲಿಕಾ ಏಣಿ ಇದೆ. ಮಗು ತಿಂಗಳು ಬಿಟ್ಟು ಬಂದರೂ ತಾನು ನಿಂತಿದ್ದ ಮೆಟ್ಟಿಲಿಂದಲೇ ಮುಂದೆ ಹತ್ತುತ್ತದೆ, ನಾಚಿಕೆಪಡುವ ಪ್ರಸಂಗವೇ ಬರುವುದಿಲ್ಲ. ಗುಳೆ ಹೋಗುವ ಈ ಜಿಲ್ಲೆಗೆ ಅದಕ್ಕಿಂತ ಒಪ್ಪುವ ಏರ್ಪಾಡು ನನಗೆ ಕಂಡಿಲ್ಲ. ಆದರೆ ಏಣಿ ಮೂರನೆಯ ತರಗತಿಗೆ ಮುಗಿಯುತ್ತದೆ. ನಾಲ್ಕಕ್ಕೆ ಬಂದೊಡನೆ ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಪುಟ. ನಮ್ಮ ಹುಡುಗ ಎಡವಿದ್ದು ಸರಿಯಾಗಿ ಅಲ್ಲೇ.

ಅಕ್ಕೋರ ಮೂರು ಮನೆಗಳ ಲೆಕ್ಕ ಬಂದದ್ದು ದೂರದಿಂದ. 1980ರ ದಶಕದಲ್ಲಿ ಅಮೆರಿಕದಲ್ಲಿ, ತೀವ್ರ ಅಂಗವೈಕಲ್ಯವಿದ್ದವರನ್ನು ನೋವು ಕೊಟ್ಟು ತಿದ್ದುವ ಪದ್ಧತಿಗೆ ಎದುರಾಗಿ 'ಸಕಾರಾತ್ಮಕ ವರ್ತನಾ ಬೆಂಬಲ' ಹುಟ್ಟಿತು: ವರ್ತನೆಯ ಹಿಂದು-ಮುಂದನ್ನು ಹೀಗೆ ಬರೆದು ಕಾರಣ ಹುಡುಕಿ, ಶಿಕ್ಷಿಸುವ ಬದಲು ಸರಿಯಾದ ನಡತೆ ಕಲಿಸುವ ದಾರಿ. 1997ರಲ್ಲಿ ಅದು ಅಲ್ಲಿನ ಅಂಗವಿಕಲರ ಶಿಕ್ಷಣ ಕಾಯ್ದೆಯೊಳಗೆ ಸೇರಿತು; ಆರೆಗಾನ್ ವಿಶ್ವವಿದ್ಯಾಲಯದ ಜಾರ್ಜ್ ಸುಗಾಯ್, ರಾಬ್ ಹಾರ್ನರ್ ಅದನ್ನು ಇಡೀ ಶಾಲೆಯ ಪದ್ಧತಿಯಾಗಿ ಬೆಳೆಸಿದರು. ಅವರ ಅಂದಾಜಿನಂತೆ ನೂರರಲ್ಲಿ ಸುಮಾರು 80 ಮಕ್ಕಳಿಗೆ ಶಾಲೆಯ ರೀತಿನೀತಿಯನ್ನು ಪಾಠದಂತೆ ಕಲಿಸಿ, ಸರಿಯಾಗಿ ನಡೆದಾಗ ಗುರುತಿಸಿ ಹೇಳಿದರೆ ಸಾಕು. 15 ಮಕ್ಕಳಿಗೆ ಚಿಕ್ಕ ಗುಂಪಿನಲ್ಲಿ ನೆರವು ಬೇಕು. ಉಳಿದ ಐವರಿಗೆ ಮಾತ್ರ ಒಬ್ಬೊಬ್ಬರ ಕಾರಣ ಹುಡುಕಬೇಕು. ನಮ್ಮಲ್ಲಿ ಆ ಐವರನ್ನು ನೋಡಿ ನೂರೂ ಮಂದಿಗೆ ಶಿಸ್ತು ಬಿಗಿಯುತ್ತೇವೆ.

ಕಾರಣ ಸಿಕ್ಕ ಮೇಲೆ ಅಕ್ಕೋರು ಮಾಡಿದ್ದು ಸಣ್ಣ ಕೆಲಸ. ನಾಳೆಯ ಪಾಠದ ಎರಡು ಸಾಲನ್ನು ಇವತ್ತೇ ಅವನಿಗೆ ಕೊಟ್ಟರು. ತಾಂಡಾದ ಹಿರಿಯ ಹುಡುಗಿಯೊಬ್ಬಳು ಊಟದ ಬಿಡುವಿನಲ್ಲಿ ಲಂಬಾಣಿಯಲ್ಲಿ ಅರ್ಥ ಹೇಳಿ ಓದಿಸಿದಳು. ಕಷ್ಟವಾದರೆ ಪಾಟಿ ಬೋರಲು ಹಾಕು, ಪಾಳಿ ಮುಂದಿನವರಿಗೆ ಹೋಗುತ್ತದೆ ಎಂದು ಇಬ್ಬರ ನಡುವೆ ಒಪ್ಪಂದ. ಮೊದಲ ವಾರ ಪಾಟಿ ದಿನವೂ ಬೋರಲು ಬಿತ್ತು. ಮೂರನೇ ವಾರದ ಹಾಳೆಯ ಕೊನೆಯ ಮನೆಯಲ್ಲಿ 'ಓದಿದ, ಕುಂತ' ಎಂದಿದೆ.

ದೀಪಾವಳಿ ಮುಗಿಸಿಕೊಂಡು ಆ ಮನೆಯವರು ಮತ್ತೆ ಗೋವಾಕ್ಕೆ ಹೋದರು. ಹಾಳೆಯನ್ನು ಅಕ್ಕೋರು ತಮ್ಮ ಪಾಠ ಟಿಪ್ಪಣಿ ಪುಸ್ತಕದಲ್ಲಿ ಮಡಚಿಟ್ಟುಕೊಂಡಿದ್ದಾರೆ, ಅವನು ಬಂದ ದಿನ ತೆಗೆಯಲು.