ಗಿಟಾರಿಗೆ 9ರ ತೆಳು ತಂತಿ ಹಾಕಿದ್ರೆ ಸೌಂಡು ತೆಳ್ಳಗಾಗುತ್ತಾ ಸರ್?

ಈ ವಾರವೂ ಅದೇ ಪ್ರಶ್ನೆ. ಈ ಸಲ ಕೇಳಿದವರು ಮಂಡ್ಯದ ಒಬ್ಬ ಕಾಲೇಜು ಹುಡುಗ. "ಸರ್, ನನ್ನ ಎಲೆಕ್ಟ್ರಿಕ್ ಗಿಟಾರ್‌ನಲ್ಲಿ 10ರ ತಂತಿ ಸೆಟ್ ಇದೆ. ಸ್ವರ ಏರಿಸೋಕೆ ತಂತಿ ಪಕ್ಕಕ್ಕೆ ತಳ್ಳಿ ಬೆಂಡ್ ಮಾಡಿದ್ರೆ ಬೆರಳು ಉರಿಯುತ್ತೆ. 9 ಹಾಕೋಣ ಅಂದ್ರೆ ಸೌಂಡು ತೆಳ್ಳಗಾಗುತ್ತೆ ಅಂತ ಎಲ್ಲರೂ ಹೆದರಿಸ್ತಾರೆ. ಏನು ಮಾಡಲಿ?"

ಹಾಕಿ. ಇವತ್ತು ಸಂಜೆಯೇ ಹಾಕಿ. ಇಷ್ಟು ಹೇಳಿ ಸುಮ್ಮನಾಗಬಹುದಿತ್ತು. ಆದರೆ ಮುಂದಿನ ವಾರ ಇದೇ ಪ್ರಶ್ನೆ ನಂಜನಗೂಡಿನಿಂದ ಬರುತ್ತದೆ, ಅದರ ಮುಂದಿನ ವಾರ ಕುವೆಂಪುನಗರದಿಂದ. ಹಾಗಾಗಿ ಒಂದೇ ಸಲ ಪೂರ್ತಿ ಬರೆದುಬಿಡುತ್ತೇನೆ.

ಮೊದಲು ಲೆಕ್ಕ. ನಾವು 30-40 ಸೈಟು ಅನ್ನುವ ಹಾಗೆ ಗಿಟಾರಿನವರು 9-42, 10-46 ಅನ್ನುತ್ತಾರೆ. ಇಲ್ಲಿ ಅಡಿ ಅಲ್ಲ, ಇಂಚಿನ ಸಾವಿರದ ಒಂದು ಪಾಲು. 10-46 ಅಂದರೆ ಮೊದಲ ತಂತಿಯ ದಪ್ಪ 0.010 ಇಂಚು, ಆರನೆಯದು 0.046. ಒಂಬತ್ತಕ್ಕೂ ಹತ್ತಕ್ಕೂ ಇರುವ ವ್ಯತ್ಯಾಸ ಒಂದು ತಲೆಗೂದಲಿನಷ್ಟೂ ಇಲ್ಲ. ಆದರೆ ಬಿಗಿ ದಪ್ಪದ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. 10 ತೆಗೆದು 9 ಹಾಕಿ ಅದೇ ಸ್ವರಕ್ಕೆ ಶ್ರುತಿ ಮಾಡಿದರೆ ಮೊದಲ ತಂತಿಯ ಬಿಗಿ ನೂರಕ್ಕೆ 19ರಷ್ಟು ಇಳಿಯುತ್ತದೆ. ಇಪ್ಪತ್ತೈದೂವರೆ ಇಂಚಿನ ಸ್ಕೇಲ್ (ಅಂದರೆ ತಂತಿ ಕಂಪಿಸುವ ಉದ್ದ) ಇರುವ ಗಿಟಾರಿನಲ್ಲಿ 10ರ ಸೆಟ್ಟಿನ ಆರೂ ತಂತಿ ಸೇರಿ ನೆಕ್ಕನ್ನು ಸುಮಾರು 47 ಕೆ.ಜಿ. ಬಲದಲ್ಲಿ ಎಳೆಯುತ್ತವೆ. 9 ಹಾಕಿದರೆ 39 ಕೆ.ಜಿ.ಯ ಆಸುಪಾಸು. ಎಂಟು ಕೆ.ಜಿ. ಕಡಿಮೆ!

ಒಂದು ಸ್ವರ ಬೆಂಡ್ ಮಾಡಲು ಮೊದಲ ತಂತಿಯನ್ನು ತಳ್ಳಬೇಕಾದ ದೂರ ಎರಡಕ್ಕೂ ಒಂದೇ. 9ಕ್ಕೆ ಬೇಕಾದ ಬಲ ಮಾತ್ರ ಕಡಿಮೆ. ನಿಮ್ಮ ಬೆರಳು ಉರಿಯುವುದು ಈ ಬಲಕ್ಕೆ.

ಈಗ ಆ ಹಾಳು ನಂಬಿಕೆಗೆ ಬರೋಣ. "ದಪ್ಪ ತಂತಿ ಹಾಕಿದ್ರೆ ದಪ್ಪ ಸೌಂಡು." ಕೇಳಲು ಎಷ್ಟು ಚೆಂದ ಅಲ್ವಾ? ಹದಿನೈದು ವರ್ಷದಿಂದ ಪಾಠ ಹೇಳುತ್ತಿದ್ದೇನೆ, ಈ ಮಾತು ಕೇಳದ ತಿಂಗಳಿಲ್ಲ.

ಇದು ಪೂರ್ತಿ ಸುಳ್ಳಲ್ಲ, ಬೇರೆ ವಾದ್ಯದ ಸತ್ಯ. ಮರದ ಪೆಟ್ಟಿಗೆಯಿಂದಲೇ ನಾದ ಹೊರಡುವ ವಾದ್ಯದಲ್ಲಿ ತಂತಿಯೇ ಹಲಗೆಯನ್ನು ಅಲುಗಾಡಿಸಬೇಕು. ಅಲ್ಲಿ ತಂತಿ ದಪ್ಪವಿದ್ದರೆ, ಬಿಗಿ ಇದ್ದರೆ ಸದ್ದು ಜಾಸ್ತಿ. ನಮ್ಮ ತಿರುಮಕೂಡಲಿನ ಟಿ. ಚೌಡಯ್ಯನವರು ಪಿಟೀಲಿಗೆ ನಾಲ್ಕರ ಬದಲು ಏಳು ತಂತಿ ಹಾಕಿದ್ದು ಯಾಕೆ ಗೊತ್ತಾ? ಮೈಕ್ ಇಲ್ಲದ ಕಾಲ ಅದು. ಕೊನೆಯ ಸಾಲಿನಲ್ಲಿ ಕೂತವರಿಗೂ ಕೇಳಿಸಬೇಕಿತ್ತು. ಅವರಿಗೆ ಆ ಅಗತ್ಯವಿತ್ತು. ನಿಮ್ಮ ಪಕ್ಕದಲ್ಲಿ ಸದ್ದು ಹೆಚ್ಚಿಸುವ ಆಂಪ್ (ಆಂಪ್ಲಿಫೈಯರ್) ಕೂತಿದೆ, ಅದಕ್ಕೊಂದು ವಾಲ್ಯೂಮ್ ನಾಬ್ ಇದೆ.

ಎಲೆಕ್ಟ್ರಿಕ್ ಗಿಟಾರಿನ ಪಿಕಪ್ಪಿನಲ್ಲಿರುವುದು ಅಯಸ್ಕಾಂತ ಮತ್ತು ಅದರ ಸುತ್ತ ಸುತ್ತಿದ ತಾಮ್ರದ ತಂತಿ. ಮೇಲೆ ಉಕ್ಕಿನ ತಂತಿ ಅಲುಗಾಡಿದರೆ ಒಳಗೆ ಸಣ್ಣ ಕರೆಂಟು ಹುಟ್ಟುತ್ತದೆ. ದಪ್ಪ ತಂತಿಯಲ್ಲಿ ಉಕ್ಕು ಜಾಸ್ತಿ, ಹಾಗಾಗಿ ಸಿಗ್ನಲ್ಲೂ ಒಂದು ಚೂರು ಜಾಸ್ತಿ. ಒಪ್ಪಿದೆ. ಆ ಚೂರು ಬೇಕಾದರೆ ಸ್ಕ್ರೂಡ್ರೈವರ್ ತಗೊಂಡು ಪಿಕಪ್ಪನ್ನು ಸ್ವಲ್ಪ ಮೇಲೆತ್ತಿ. ಅಲ್ಲಿಗೆ ಮುಗೀತು.

ಇನ್ನೂ ನಂಬಿಕೆ ಬರಲಿಲ್ಲವಾ? ಟೋನಿ ಅಯೋಮಿ ಹೆಸರು ಕೇಳಿರುತ್ತೀರಿ, ಬ್ಲ್ಯಾಕ್ ಸಬ್ಬತ್ ಅನ್ನುವ ಹೆವಿ ಮೆಟಲ್ ತಂಡದ ಗಿಟಾರಿಸ್ಟ್. ಬರ್ಮಿಂಗ್‌ಹ್ಯಾಮಿನ ಕಾರ್ಖಾನೆಯೊಂದರಲ್ಲಿ ಅವರ ಬಲಗೈಯ ಎರಡು ಬೆರಳಿನ ತುದಿ ತುಂಡಾಯಿತು. ಅವರು ಎಡಗೈಯವರು, ಅಂದರೆ ತಂತಿ ಒತ್ತುವ ಕೈಗೇ ಪೆಟ್ಟಾಯಿತು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡರು. ತಂತಿ ಬಿಗಿ ಇದ್ದರೆ ಆಗುತ್ತಿರಲಿಲ್ಲ, ತೆಳ್ಳಗಿನ ಬ್ಯಾಂಜೋ ತಂತಿ ಹಾಕಿಕೊಂಡರು. ಆಮೇಲೆ ಶ್ರುತಿಯನ್ನೂ ಇಳಿಸಿದರು. ಹೆವಿ ಮೆಟಲ್ಲಿನ ದಪ್ಪ ಸೌಂಡು ಅಂತ ಜಗತ್ತು ಕರೆಯುವುದು ಆ ತೆಳು ತಂತಿಗಳಿಂದ ಬಂದದ್ದನ್ನೇ.

ಝಡ್‌ಝಡ್ ಟಾಪ್ ತಂಡದ ಗಿಟಾರಿಸ್ಟ್ ಬಿಲ್ಲಿ ಗಿಬ್ಬನ್ಸ್ ಕೂಡ ಮೊದಲು ದಪ್ಪ ತಂತಿಯವರೇ. ಬ್ಲೂಸ್ ದಿಗ್ಗಜ ಬಿ.ಬಿ. ಕಿಂಗ್ ಒಮ್ಮೆ ಗಿಬ್ಬನ್ಸ್ ಅವರ ಗಿಟಾರ್ ನುಡಿಸಿದ ಮೇಲೆ, ಇಷ್ಟು ಕಷ್ಟ ಯಾಕಪ್ಪಾ ಪಡ್ತೀಯ ಅನ್ನುವ ಅರ್ಥದಲ್ಲಿ ಕೇಳಿದರಂತೆ. ಗಿಬ್ಬನ್ಸ್ ಈಗ 7 ಹಾಕುತ್ತಾರೆ. ಏಳು!

"ಮತ್ತೆ ಸ್ಟೀವೀ ರೇ ವಾನ್ 13 ಹಾಕ್ತಿದ್ರಲ್ಲ?" ಹೌದು, ಈ ಪ್ರಶ್ನೆ ಬಂದೇ ಬರುತ್ತದೆ. ಆ ಬ್ಲೂಸ್ ಗಿಟಾರಿಸ್ಟ್ ಹಾಕುತ್ತಿದ್ದರು, ಅರ್ಧ ಸ್ವರ ಕೆಳಗೆ ಶ್ರುತಿ ಮಾಡಿ. ಅಷ್ಟಕ್ಕೇ ಬಿಗಿ ನೂರಕ್ಕೆ 11ರಷ್ಟು ಇಳಿಯುತ್ತದೆ. ಅವರ ಸೌಂಡು ಅವರ ಕೈಯಲ್ಲಿತ್ತು. ಸೆಟ್ ಕೊಂಡರೆ ಕೈ ಜೊತೆಗೆ ಬರುವುದಿಲ್ಲ.

ಇನ್ನೊಂದು ಮಾತು. ನೀವು ದೇವರ ಹಾಗೆ ಕಾಯುತ್ತಿರುವ ಈ 10 ಇದೆಯಲ್ಲ, ಅದೂ ಒಂದು ಕಾಲದಲ್ಲಿ ಪುಕ್ಕಲರ ತಂತಿಯೇ. 1950ರ ದಶಕದಲ್ಲಿ ಅಂಗಡಿಯಲ್ಲಿ ಸಿಗುತ್ತಿದ್ದ ಸೆಟ್ಟುಗಳಲ್ಲಿ ಮೂರನೇ ತಂತಿಯ ಮೇಲೂ ಇನ್ನೊಂದು ಸಣ್ಣ ತಂತಿಯ ಸುತ್ತು ಇರುತ್ತಿತ್ತು. ಅದನ್ನು ಬೆಂಡ್ ಮಾಡಲು ಭೀಮನೇ ಬರಬೇಕು. ಜೇಮ್ಸ್ ಬರ್ಟನ್ ತರಹದ ಗಿಟಾರಿಸ್ಟರು ಬ್ಯಾಂಜೋ ತಂತಿ ತಂದು ಸೇರಿಸಿಕೊಂಡರು. 1962ರಲ್ಲಿ ಅಮೆರಿಕದ ಎರ್ನೀ ಬಾಲ್ ಅನ್ನುವವರು ತೆಳು ಸೆಟ್ಟನ್ನು ಸ್ಲಿಂಕಿ ಅಂತ ಮಾರಲು ಶುರುಮಾಡಿದ ಮೇಲೆ ಅದು ಮಾಮೂಲಾಯಿತು.

ನಾನು ಕ್ಲಾಸಿನಲ್ಲೊಮ್ಮೆ ಒಂದೇ ತರಹದ ಎರಡು ಗಿಟಾರಿಗೆ 9 ಮತ್ತು 11 ಹಾಕಿ, ಬಾಗಿಲ ಆಚೆ ಕೂತು, ಒಂದೇ ಆಂಪಿನಲ್ಲಿ ನುಡಿಸಿದೆ. 11 ಬಿಟ್ಟು ಬೇರೆ ಮುಟ್ಟದ ಶಿಷ್ಯ 9ರದ್ದು ಕೇಳಿ, "ಇದು ನೋಡಿ ಸರ್ ದಪ್ಪ ಸೌಂಡು" ಅಂದ. ಬಾಗಿಲು ತೆಗೆದ ಮೇಲೆ ಕೇಬಲ್ ಸರಿ ಇಲ್ಲ ಅಂದ.

ದಪ್ಪ ತಂತಿ ನಿಜವಾಗಿ ಬೇಕಾಗುವುದು ಶ್ರುತಿಯನ್ನು ತುಂಬಾ ಇಳಿಸಿ ಜೋರಾಗಿ ಬಾರಿಸುವವರಿಗೆ. ತೆಳು ತಂತಿ ಅಲ್ಲಿ ಬಟ್ಟೆ ಒಣಗಿಸುವ ಹಗ್ಗದ ಹಾಗೆ ಜೋಲುತ್ತದೆ. ಕಬ್ಬು ಕಡಿದ ಕೈ, ಮೆಲ್ಲಗೆ ಹೊಡೆಯಲು ಬರಲ್ಲ ಅನ್ನುವವರೂ ಇದ್ದಾರೆ. ಅಂಥವರು ಮೊದಲು ಪ್ಲೆಕ್ಟ್ರಮ್ (ತಂತಿ ಮೀಟುವ ಬಿಲ್ಲೆ) ಹಿಡಿತ ಸಡಿಲ ಮಾಡಿ ನೋಡಲಿ.

9 ಹಾಕಿದ ಮೇಲೆ ಗಿಟಾರ್ ಗೊರಗೊರ ಅಂದರೆ ತಂತಿಯನ್ನು ಬೈಯಬೇಡಿ. ಎಂಟು ಕೆ.ಜಿ. ಇಳಿದಿದೆ, ನೆಕ್ ನೇರವಾಗಿ ತಂತಿ ಫ್ರೆಟ್ಟುಗಳಿಗೆ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿಗಳಿಗೆ) ತಾಗುತ್ತಿದೆ ಅಷ್ಟೇ. ಆರನೇ ತಂತಿಯನ್ನು ಮೊದಲ ಫ್ರೆಟ್ಟಿನಲ್ಲೂ ನೆಕ್ ಬಾಡಿಗೆ ಸೇರುವ ಫ್ರೆಟ್ಟಿನಲ್ಲೂ ಒತ್ತಿ ಹಿಡಿಯಿರಿ. ಏಳನೇ ಫ್ರೆಟ್ಟಿನ ಹತ್ತಿರ ತೆಳು ವಿಸಿಟಿಂಗ್ ಕಾರ್ಡ್ ತೂರುವಷ್ಟು ಸಂದು ಇರಬೇಕು. ಇಲ್ಲದಿದ್ದರೆ ನೆಕ್ಕಿನ ಒಳಗಿರುವ ಸರಳು, ಅಂದರೆ ಟ್ರಸ್ ರಾಡನ್ನು ಕಾಲು ಸುತ್ತು ಸಡಿಲ ಮಾಡಿ, ಜಾಸ್ತಿ ಬೇಡ. ಟ್ರೆಮೊಲೊ ಬ್ರಿಡ್ಜ್ (ಸ್ಪ್ರಿಂಗ್ ಮೇಲೆ ವಾಲುವ, ತಂತಿ ಕೂರುವ ಭಾಗ) ಇದ್ದರೆ ತಂತಿಗೂ ಹಿಂದಿನ ಸ್ಪ್ರಿಂಗಿಗೂ ಸದಾ ಹಗ್ಗಜಗ್ಗಾಟ. ಈಗ ಸ್ಪ್ರಿಂಗ್ ಗೆದ್ದು ಬ್ರಿಡ್ಜ್ ಹಿಂದಕ್ಕೆ ವಾಲಿರುತ್ತದೆ. ಹಿಂಬದಿಯ ಎರಡು ಸ್ಕ್ರೂ ಸಡಿಲ ಮಾಡಿ, ಮತ್ತೆ ಶ್ರುತಿ ಮಾಡಿ. ಹನ್ನೆರಡನೇ ಫ್ರೆಟ್ಟಿನ ಇಂಟೊನೇಷನ್, ಅಂದರೆ ಅಲ್ಲಿ ಒತ್ತಿದಾಗಲೂ ಸ್ವರ ಸರಿ ಬರುತ್ತಾ ಅಂತ, ಕೊನೆಗೆ ನೋಡಿ.

ಇಷ್ಟೆಲ್ಲಾ ಬರೆದೆ, ಆದರೆ ಯಾರೂ ಕೇಳದ ಪ್ರಶ್ನೆಯೇ ನನಗೆ ಇಷ್ಟ. ಯಾವ ಸೆಟ್ ಹಾಕಿದರೂ ಮೂರನೇ ತಂತಿಯೇ ಯಾಕೆ ಶ್ರುತಿ ತಪ್ಪುತ್ತದೆ? ಈಗಿನ ಸೆಟ್ಟುಗಳಲ್ಲಿ ಮೊದಲ ಮೂರೂ ಸುತ್ತಿಲ್ಲದ ಉಕ್ಕಿನ ತಂತಿಗಳು. ಅವುಗಳಲ್ಲಿ ಮೂರನೆಯದೇ ದಪ್ಪ, ಅದರ ಸ್ವರವೇ ಕೆಳಗಿನದು. ಹಾಗಾಗಿ ತನ್ನ ದಪ್ಪಕ್ಕೆ ಹೋಲಿಸಿದರೆ ಅದರ ಬಿಗಿ ಬಹಳ ಕಡಿಮೆ. ಬಿಗಿ ಕಡಿಮೆ ಇರುವ ತಂತಿಯನ್ನು ಒಂದು ಕೂದಲೆಳೆಯಷ್ಟು ಎಳೆದರೂ ಸ್ವರ ಥಟ್ಟನೆ ಏರುತ್ತದೆ. ನೀವು ಕಾರ್ಡ್ (ಹಲವು ಸ್ವರ ಒಟ್ಟಿಗೆ) ಹಿಡಿಯುವಾಗ ಗಟ್ಟಿಯಾಗಿ ಒತ್ತಿದರೆ ಮೊದಲು ಅಪಸ್ವರ ಕೊಡುವುದು ಇದೇ. ಟ್ಯೂನರನ್ನು ಬೈಯುತ್ತಾ ಕೂರುತ್ತೀರಿ, ತಪ್ಪು ಎಡಗೈಯದು.

ಜೊತೆಗೆ, ಶ್ರುತಿ ಮಾಡುವಾಗ ನಟ್ (ನೆಕ್ಕಿನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ಹತ್ತಿರ "ಟಿಕ್" ಅಂತ ಸದ್ದು ಬಂದರೆ ತಂತಿ ಅಲ್ಲಿ ಸಿಕ್ಕಿಹಾಕಿಕೊಂಡಿದೆ ಅಂತ ಅರ್ಥ. ತಂತಿ ಸಡಿಲ ಮಾಡಿ ಪಕ್ಕಕ್ಕೆ ಸರಿಸಿ, ಅದು ಕೂರುವ ಕಚ್ಚಿನಲ್ಲಿ ಪೆನ್ಸಿಲ್ ಸೀಸ ಉಜ್ಜಿ. ಹೇಗೂ ಹೊಸ ಸೆಟ್ ಹಾಕಲು ಬಿಚ್ಚುತ್ತೀರಲ್ಲ, ಆಗಲೇ ಮಾಡಿ.